ಅಕ್ಕನ ಎರಡು ರಿಂಗು

ಬೆಳಗಿನ ಪೂಜೆ ಮುಗಿಸಿ ಎದ್ದ ಮೇಲೆ ನಾನು ಮೊದಲು ನೋಡುವುದು ಒಲೆಯನ್ನಲ್ಲ, ಅಡುಗೆಮನೆಯ ಕಿಟಕಿಯನ್ನು. ಬಸವಕಲ್ಯಾಣದ ಹಳೇ ಓಣಿಯಲ್ಲಿ ನಮ್ಮದು ಕಲ್ಲಿನ ಮನೆ. ಗೋಡೆ ಎಷ್ಟು ದಪ್ಪವೆಂದರೆ ಬೇಸಿಗೆಯ ಬಿಸಿಲೂ ಒಳಗೆ ಬರುವುದಿಲ್ಲ, ಫೋನಿನ ನೆಟ್‌ವರ್ಕೂ ಬರುವುದಿಲ್ಲ. ಕಿಟಕಿಯ ಕಟ್ಟೆಯ ಬಲಮೂಲೆಯಲ್ಲಿ, ಉಪ್ಪಿನ ಭರಣಿಗೆ ಒರಗಿಸಿ ಇಟ್ಟರೆ ಮಾತ್ರ ಫೋನಿನ ತಲೆಯ ಮೇಲೆ ಎರಡು ಕಡ್ಡಿ ಮೂಡುತ್ತವೆ. ಗೇಣು ಸರಿಸಿದರೆ ಕಡ್ಡಿ ಮಾಯ. ಗಡಿ ಹತ್ತಿರವಲ್ಲವೇ, ಒಮ್ಮೊಮ್ಮೆ ನಾನು ರೊಟ್ಟಿ ಬಡಿಯುತ್ತ ಕೂತಲ್ಲಿಗೇ ‘ಮಹಾರಾಷ್ಟ್ರಕ್ಕೆ ನಿಮಗೆ ಸ್ವಾಗತ’ ಎಂದು ಮೆಸೇಜು ಬರುತ್ತದೆ. ಕಾಲು ಎತ್ತಿಡದೆ ಮಹಾರಾಷ್ಟ್ರ ನೋಡಿ ಬಂದವಳು ನಾನು.

ಆ ಮೂಲೆಯಲ್ಲಿ ಕೂತ ಫೋನು ಬೆಳಿಗ್ಗೆ ಎರಡು ಸಲ ರಿಂಗಾಗಿ ನಿಲ್ಲಬೇಕು. ಅದು ಹುಮನಾಬಾದಿನಿಂದ ನನ್ನ ಅಕ್ಕ ಕೊಡುವ ರಿಂಗು. ಎತ್ತುವಂತಿಲ್ಲ. ಅದು ನಿಂತ ಮೇಲೆ ನಾನು ಅವಳಿಗೆ ಒಂದು ರಿಂಗು ಕೊಟ್ಟು ಬಿಡಬೇಕು. ಅಷ್ಟಾದ ಮೇಲೆಯೇ ನನ್ನ ಬಾಯಿಗೆ ಚಹಾ, ಅವಳ ಬಾಯಿಗೆ ಹಾಲು.

ಇದು ಅಪ್ಪ ಹಾಕಿಕೊಟ್ಟ ಕಟ್ಟುಪಾಡು. ಮುಡಬಿಯ ನಮ್ಮ ತವರಿನಲ್ಲಿ ಇಷ್ಟಲಿಂಗ ಪೂಜೆ ಮುಗಿಸಿದವರು ಮನೆಯಲ್ಲಿದ್ದವರಿಗೆಲ್ಲ ‘ಶರಣಾರ್ಥಿ’ ಅನ್ನಬೇಕು. ಅವರು ತಿರುಗಿ ಅನ್ನಬೇಕು. ಆಮೇಲೆ ಊಟ. ಹಿಂದಿನ ದಿನ ಕೂದಲು ಹಿಡಿದು ಜಗಳವಾಡಿದ್ದರೂ ಅನ್ನಬೇಕು. ಅಕ್ಕ ಮತ್ತು ನಾನು ಎಷ್ಟೋ ಸಲ ಹೊಟ್ಟೆ ಹಸಿದ ಒಂದೇ ಕಾರಣಕ್ಕೆ ರಾಜಿಯಾದವರು. “ನೀವಿಬ್ಬರೂ ಭಕ್ತಿಲಿಂದ ಅನ್ನಾಕತ್ತೀರೋ, ರೊಟ್ಟಿ ಸಲುವಾಗಿ ಅನ್ನಾಕತ್ತೀರೋ?” ಎಂದು ಅಪ್ಪ ಕೇಳಿದರೆ, ಅಕ್ಕ, “ಇವತ್ತು ರೊಟ್ಟಿ ಸಲುವಾಗಿ ಅಪ್ಪಾ, ನಾಳೆ ನೋಡೂಣು” ಎನ್ನುತ್ತಿದ್ದಳು.

ಅಕ್ಕನನ್ನು ಹುಮನಾಬಾದಿನ ಧಾನ್ಯದ ಮಂಡಿಯಲ್ಲಿ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ ಇಟ್ಟವರಿಗೆ ಕೊಟ್ಟರು, ನನ್ನನ್ನು ಕಲ್ಯಾಣಕ್ಕೆ. ಫೋನಿಲ್ಲದ ಆ ವರ್ಷಗಳಲ್ಲಿ ಇಬ್ಬರೂ ಮನಸ್ಸಿನಲ್ಲೇ ಅಂದುಕೊಂಡು ಉಂಡೆವು. ಕೈಗೆ ಮೊಬೈಲು ಬಂದದ್ದೇ ಬಂದದ್ದು, ಅಕ್ಕ ಕಟ್ಟನ್ನು ಮತ್ತೆ ಜಾರಿಗೆ ತಂದಳು. ಪೂಜೆಯಾದ ಮೇಲೆ ಅವಳ ಫೋನು. ಅವಳದು ದೊಡ್ಡ ಗಂಟಲು. ಮಂಡಿಯಲ್ಲಿ ಹರಾಜಿನ ಸವಾಲು ಕೂಗುವವರ ನಡುವೆ ಗಂಡನನ್ನು ಊಟಕ್ಕೆ ಕರೆದು ಕರೆದು ಆದ ಗಂಟಲು. ಫೋನನ್ನು ಕಿವಿಯಿಂದ ದೂರ ಹಿಡಿದರೂ ಓಣಿಗೆಲ್ಲ ಕೇಳುತ್ತಿತ್ತು.

“ಶರಣಾರ್ಥಿ ತಂಗಿ. ಏನ್ ಪಲ್ಯಾ ಇವತ್ತು?”

“ಶರಣಾರ್ಥಿ ಅಕ್ಕ. ಪುಂಡಿ ಸೊಪ್ಪು.”

“ನಿನ್ನೀನೂ ಪುಂಡಿ, ಇವತ್ತೂ ಪುಂಡಿ. ನಿನ್ನ ಗಂಡ ಮನಷ್ಯಾ ಹಾನೋ, ಆಡು ಹಾನೋ?”

ನಮ್ಮ ಮನೆಯವರು ಹೊರಗಿನ ಕೋಣೆಯಿಂದಲೇ, “ಆಡೇ ಹಾನ ಅಂತ ಹೇಳು. ಅದಕ್ಕೇ ಅವರ ತಂಗಿ ಗೂಟಕ್ಕ ಕಟ್ಟ್ಯಾಳ” ಎಂದು ಕೂಗುತ್ತಿದ್ದರು. ಶರಣಾರ್ಥಿಗೆಂದು ಶುರುವಾದದ್ದು ಒಲೆಯ ಮೇಲಿನ ಹಾಲು ಉಕ್ಕಿದಾಗಲೇ ಮುಗಿಯುತ್ತಿತ್ತು.

ಎರಡು ಚಳಿಗಾಲದ ಹಿಂದೆ ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಬಾಯಿ. ಬೀದರಿನ ದವಾಖಾನೆಯಲ್ಲಿ ದೇವರು ಕಾಲನ್ನು ತಿರುಗಿ ಕೊಟ್ಟ. ಗೋಡೆ ಹಿಡಿದು ನಡೆಯುತ್ತಾಳೆ. ಕೈಯನ್ನು ಅರ್ಧ ಕೊಟ್ಟ. ಮಾತನ್ನು ತಾನೇ ಇಟ್ಟುಕೊಂಡ. ನಾವು ಹೇಳುವುದೆಲ್ಲ ಅವಳಿಗೆ ತಿಳಿಯುತ್ತದೆ, ಲೆಕ್ಕ ತಪ್ಪಿದರೆ ಈಗಲೂ ಹುಬ್ಬು ಗಂಟಿಕ್ಕುತ್ತಾಳೆ. ಆದರೆ ಬಾಯಿಯಿಂದ ಬರುವುದು ಒಂದು ‘ಹಾಂ’, ಒಂದು ‘ಊಂಹೂಂ’. ಸಿಟ್ಟು ಬಂದರೆ ಅವೂ ಬರುವುದಿಲ್ಲ, ಬರೀ ದನಿ. ಬಲಗೈ ಹೋದ ಮೇಲೆ ಬರೆಯುವುದೂ ನಿಂತಿತು. ಅಷ್ಟು ವರ್ಷ ದಿನಾ ಮಾತಾಡಿದವಳ ದನಿಯನ್ನು ನಮ್ಮಲ್ಲಿ ಯಾರೂ ಹಿಡಿದಿಡಲಿಲ್ಲ. ನಾಳೆಯೂ ಫೋನು ಬರುತ್ತದೆ ಅಂದುಕೊಂಡವರು ಯಾಕೆ ಹಿಡಿದಿಡುತ್ತಾರೆ?

ದವಾಖಾನೆಯಿಂದ ಮನೆಗೆ ಬಂದು ಕೆಲ ದಿನಗಳಾದ ಮೇಲೆ ಒಂದು ಬೆಳಿಗ್ಗೆ ಕಿಟಕಿಯಲ್ಲಿ ಫೋನು ಎರಡು ಸಲ ರಿಂಗಾಗಿ ನಿಂತಿತು. ಅಕ್ಕನ ನಂಬರು. ತಿರುಗಿ ಹಚ್ಚಿದರೆ ಎತ್ತಿದವರು ಭಾವನವರು.

“ಗಾಬರಿ ಆಗಬ್ಯಾಡವ್ವ. ಅಕಿನೇ ಹಚ್ಯಾಳ. ಎಡಗೈಲಿಂದ. ಪೂಜಿ ಮುಗಿಸಿ ಫೋನ್ ಕೊಡು ಅಂತ ಕೈ ಮಾಡಿದ್ಳು. ಎರಡು ರಿಂಗ್ ಹೊಡದು ಇಟ್ಟು ಈಗ ನನ್ನ ಮಾರಿ ನೋಡ್ಕೋತ ಕುಂತಾಳ. ಏನಿದರ ಅರ್ಥ?”

ನನಗೆ ಅರ್ಥವಾಗಿತ್ತು. “ಫೋನ್ ಇಡ್ರಿ ಭಾವನೋರ. ನಾ ಒಂದು ರಿಂಗ್ ಕೊಡ್ತೀನಿ. ಎತ್ತಬ್ಯಾಡ್ರಿ” ಎಂದೆ. ಒಂದು ರಿಂಗು ಕೊಟ್ಟು ಕಟ್ ಮಾಡಿ, ಕಿಟಕಿಯ ಕಟ್ಟೆಗೆ ತಲೆಯಿಟ್ಟು ಅತ್ತೆ. ದೇವರೇ, ಹೆಬ್ಬೆಟ್ಟೊಂದನ್ನಾದರೂ ಉಳಿಸಿಕೊಟ್ಟೆಯಲ್ಲ ಎಂದೆ.

ಅಂದಿನಿಂದ ಅಕ್ಕನಿಗೆ ರಿಂಗೇ ಬಾಯಿಯಾಯಿತು. ಅಂಗಡಿಯಲ್ಲಿದ್ದ ಭಾವನವರಿಗೆ ಒಂದು ರಿಂಗು ಕೊಟ್ಟರೆ ಚಹಾ ಆಗಿದೆ, ಎರಡಾದರೆ ಊಟಕ್ಕೆ ಬನ್ನಿ, ಬಿಡದೆ ಹೊಡೆದರೆ ಇದ್ದ ಹಾಗೆ ಓಡಿ ಬನ್ನಿ. ಹಾಲಿನವನಿಗೊಂದು, ಬಿಲ್ವಪತ್ರಿ ತರುವವಳಿಗೊಂದು, ಕಿರಾಣಿಯವನಿಗೊಂದು. ಬೆಳಗಿನಿಂದ ಸಂಜೆಯವರೆಗೆ ಊರಿಗೆಲ್ಲ ರಿಂಗು. ಯಾರೂ ಎತ್ತುವುದಿಲ್ಲ, ಎಲ್ಲರೂ ತಿಳಿದುಕೊಳ್ಳುತ್ತಾರೆ. ಭಾವನವರು ನಗುತ್ತಿದ್ದರು: “ಕಂಪನಿಯವ್ರು ಇಕಿಗಿ ಸೀರಿ ಉಡಸಬೇಕೋ, ಇಕಿ ಸಲುವಾಗಿ ದಿವಾಳಿ ಏಳಬೇಕೋ ತಿಳೀದೆ ಕುಂತಾರ.”

ಡಾಕ್ಟರು ಮಾತ್ರ ಒಂದು ಮಾತು ಹೇಳಿ ಕಳಿಸಿದ್ದರು. ಇದು ಇನ್ನೊಮ್ಮೆ ಬರಬಹುದು, ಬಂದರೆ ಬೆಳಗಿನ ಜಾವವೇ ಹೆಚ್ಚು, ಎಚ್ಚರದಿಂದಿರಿ ಎಂದು. ಹಾಗಾಗಿ ಆ ಎರಡು ರಿಂಗಿನಲ್ಲಿ ನನಗೆ ಶರಣಾರ್ಥಿಯ ಜೊತೆಗೆ ಇನ್ನೊಂದು ಮಾತೂ ಕೇಳುತ್ತಿತ್ತು. ಎದ್ದೆ ತಂಗಿ, ಇವತ್ತೂ ಎದ್ದೆ.

ಇಷ್ಟಿರುವಾಗ ನನ್ನ ಬಟನ್ ಫೋನು ಸತ್ತಿತು. ಕಿಟಕಿಯಿಂದ ಜಾರಿ ಕೆಳಗಿದ್ದ ನೀರಿನ ಬಕೆಟ್ಟಿಗೆ ಬಿತ್ತು. ಅಕ್ಕಿಯಲ್ಲಿ ಹುಗಿದಿಟ್ಟೆ, ಬಿಸಿಲಿಗಿಟ್ಟೆ, ವಿಭೂತಿಯನ್ನೂ ಹಚ್ಚಿದೆ. ಏಳಲಿಲ್ಲ. ಅದರೊಳಗಿದ್ದ ಹೆಸರುಗಳೆಲ್ಲ ಅದರೊಡನೆ ಹೋದವು, ಸಿಮ್ಮು ಮಾತ್ರ ಉಳಿಯಿತು.

ನಮ್ಮ ಮನೆಯವರು ಬೆರಳು ಸವರುವ ಹೊಸ ಫೋನು ತಂದರು. ಅದರ ಹಿಂದಿನ ತಿಂಗಳು ಯಾರೋ ಒಬ್ಬ ಬ್ಯಾಂಕಿನವನಂತೆ ಮಾತಾಡಿ, ನಿಮ್ಮ ಖಾತೆ ಬಂದ್ ಆಗುತ್ತದೆ, ಈಗ ಬಂದ ನಂಬರು ಓದಿ ಹೇಳಿ ಎಂದು ನನ್ನನ್ನು ಹೆದರಿಸಿದ್ದ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಇವರು ಬಂದು ಫೋನು ಕಸಿದುಕೊಂಡಿದ್ದರಿಂದ ಉಳಿದೆವು. ಕನ್ನಡಕ ಸಿಗದೆ ಹೋದದ್ದೂ ದೇವರ ಕೃಪೆಯೇ. ಆ ಭಯಕ್ಕೆ ಇವರು ಮೊಬೈಲ್ ಅಂಗಡಿಯವನಿಗೆ ಹೇಳಿದ್ದರಂತೆ: “ಇದರಾಗ ಏನೇನು ಬಂದೋಬಸ್ತ್ ಅದಾವ, ಎಲ್ಲಾ ಹಚ್ಚಿ ಕೊಡಪ್ಪ. ಮೋಸದ ಫೋನ್ ನನ್ನ ಮನಿ ಬಾಗಲಾ ದಾಟಬಾರದು.” ಅವನು ಎಲ್ಲ ಹಚ್ಚಿಯೇ ಕೊಟ್ಟ.

ಆ ಫೋನಿನ ಜೊತೆ ಸಂಸಾರ ಮಾಡಿದ್ದನ್ನು ಹೇಳಿದರೆ ಬೇರೆ ಪುರಾಣವಾದೀತು. ಹಿಟ್ಟಿನ ಕೈಯಲ್ಲಿ ಮುಟ್ಟಿದರೆ ಮಾತು ಕೇಳುವುದಿಲ್ಲ, ಸೆರಗು ತಾಗಿದರೆ ತಾನಾಗಿ ಯಾರಿಗೋ ಹಚ್ಚುತ್ತದೆ. ಘಳಿಗೆಗೊಮ್ಮೆ ‘ಅನುಮತಿಸುವಿರಾ?’ ಎನ್ನುತ್ತದೆ. ಕೇಳಿದವರಿಗೆ ಇಲ್ಲ ಅನ್ನಬಾರದೆಂದು ನಾನು ಎಲ್ಲದಕ್ಕೂ ಹೌದೆಂದು ಒತ್ತಿದೆ. ‘ಸಂಯೋಜನೆಗಳು’ ಅಂದರೇನು, ‘ಪೂರ್ವನಿಯೋಜಿತ’ ಅಂದರೇನು? ಅದೂ ಕನ್ನಡವೇ, ನಾನೂ ಕನ್ನಡದವಳೇ, ಆದರೆ ಇಬ್ಬರಿಗೂ ಪರಿಚಯವಿಲ್ಲ. ಕಂಪನಿಯಿಂದ ಫೋನು ಮಾಡಿದ ಹೆಣ್ಣುಮಗಳ ದನಿಯೊಂದು, ಹಾಡು ಬೇಡವಾದರೆ ಇಂಥದನ್ನು ಒತ್ತಿ ಎಂದಿತು. ಒತ್ತಿದೆ. ಅಂದಿನಿಂದ ನನಗೆ ಫೋನು ಹಚ್ಚಿದವರಿಗೆಲ್ಲ ಸಿನಿಮಾದ ಕುಣಿತದ ಹಾಡು ಕೇಳತೊಡಗಿತು. ಮಠದ ಅಮ್ಮನವರು ದಾಸೋಹದ ಸಲುವಾಗಿ ಫೋನು ಮಾಡಿದವರು, “ನಿಮ್ಮನ್ಯಾಗ ಲಗ್ನ ಅದಾ ಏನ್ರಿ?” ಎಂದು ಕೇಳಿದರು.

ಹೊಸ ಫೋನಿನಲ್ಲಿ ನಾನು ಒಬ್ಬೊಬ್ಬರ ಹೆಸರನ್ನೇ ತುಂಬುತ್ತ ಹೋದೆ. ಅಕ್ಕನದನ್ನು ಹಾಕಲಿಲ್ಲ. ಮರೆತದ್ದಲ್ಲ. ಅದು ಬಾಯಿಪಾಠವಿತ್ತು. ದೇವರಿಗೆ ದಿನಾ ಮಾಡುವ ನಮಸ್ಕಾರವನ್ನು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ?

ಹೊಸ ಫೋನು ಬಂದ ಮಾರನೆಯ ಬೆಳಿಗ್ಗೆಯೇ ಅಕ್ಕನ ರಿಂಗು ಬರಲಿಲ್ಲ.

ನೆಟ್‌ವರ್ಕಿರಲಿಕ್ಕಿಲ್ಲ ಎಂದುಕೊಂಡೆ. ಫೋನನ್ನು ಭರಣಿಯ ಮೇಲೆ ಹತ್ತಿಸಿದೆ, ಕಿಟಕಿಯ ಜಾಲರಿಗೆ ಒತ್ತಿ ಹಿಡಿದೆ, ಮಾಳಿಗೆಗೆ ಒಯ್ದೆ. ಕಡ್ಡಿಗಳು ತುಂಬಿದ್ದವು, ರಿಂಗಿರಲಿಲ್ಲ. ಅವಳ ಪೂಜೆ ಇನ್ನೂ ಮುಗಿದಿಲ್ಲವೆಂದು ನಾನೂ ಕೊಡಲಿಲ್ಲ. ಮೊದಲು ಅವಳದು, ಆಮೇಲೆ ನನ್ನದು, ಅದು ಹಿರಿತನದ ಕ್ರಮ. ಒಲೆಯ ಮೇಲೆ ಚಹಾ ಆರಿತು, ಕಾಯಿಸಿದೆ, ಮತ್ತೆ ಆರಿತು. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗದೆ ನಾನೇ ಹಚ್ಚಿದೆ. ಅಕ್ಕ ಎತ್ತಿದಳು. ಅವಳ ಉಸಿರು ಕೇಳಿಸಿತು. ಬದುಕಿದ್ದಾಳೆ! ಆ ಸಮಾಧಾನವೆಲ್ಲ ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿ ಬಂತು.

“ಯಾಕಕ್ಕ, ರಿಂಗ್ ಕೊಡಲಿಲ್ಲ? ಮುಂಜಾನಿಲಿಂದ ಬಾಯಾಗ ನೀರ್ ಹಾಕಿಲ್ಲ ನಾ. ಮರತಿಯೇನು?”

ಆ ಕಡೆಯಿಂದ ಒಂದು ದನಿ ಬಂತು. ‘ಹಾಂ’ ಅಲ್ಲ, ‘ಊಂಹೂಂ’ ಅಲ್ಲ. ನನಗೆ ತಿಳಿಯದ ದನಿ. ಇನ್ನೊಮ್ಮೆ ಬಂತು, ಜೋರಾಗಿ. ಫೋನು ಕಟ್ಟಾಯಿತು.

ಮರುದಿನವೂ ಹಾಗೆಯೇ. ಅದರ ಮರುದಿನ ಹಚ್ಚಿದರೆ ಸ್ವಿಚ್ ಆಫ್.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, “ಶಿವರಾತ್ರಿಗೂ ನೀ ಇಷ್ಟು ಘಟ್ಟಿ ಉಪಾಸ ಮಾಡಿದಾಕಿ ಅಲ್ಲ. ಪುಣ್ಯ ಯಾರಿಗಿ ಬರ್ತದ, ನಿನಗೋ ಕಂಪನಿಗೋ?” ಎಂದರು. ನಾನು ಮತ್ತೆ ಫೋನಿನ ಕಡ್ಡಿ ನೋಡಿದೆ. ಅವರೇ ಮೆತ್ತಗಾಗಿ ಕಂಪನಿಯ ಸಹಾಯದ ನಂಬರಿಗೆ ಹಚ್ಚಿಕೊಟ್ಟರು. ಕನ್ನಡಕ್ಕೆ ಇದನ್ನು ಒತ್ತಿ, ರೀಚಾರ್ಜಿಗೆ ಅದನ್ನು ಒತ್ತಿ. ಒತ್ತಿದೆ, ಒತ್ತಿದೆ, ಸಂಗೀತ ಕೇಳಿದೆ, ಲೈನು ಕಟ್ಟಾಯಿತು. ಮತ್ತೆ ಮೊದಲಿನಿಂದ. ಕೊನೆಗೆ ಸಿಕ್ಕ ಹುಡುಗ, “ಮೇಡಂ, ನಿಮ್ಮ ಕಡೆ ಸಿಗ್ನಲ್ ಚೆನ್ನಾಗಿದೆ. ಫೋನನ್ನ ಒಮ್ಮೆ ಆಫ್ ಮಾಡಿ ಆನ್ ಮಾಡಿ” ಎಂದ.

“ಮಾಡೀನಪ್ಪ. ಅದು ಏಳ್ತದ. ನಮ್ಮ ಅಕ್ಕ ಎದ್ದಾಳೋ ಇಲ್ಲೋ, ಅದನ್ನ ಹೇಳು” ಎಂದೆ. ಅವನಿಗೆ ಪಾಪ ಏನು ತಿಳಿಯಬೇಕು.

ಸಂಜೆ ಭಾವನವರು ಸಿಕ್ಕರು. ಅವರ ಹಿಂದೆ ಮಂಡಿಯ ಗದ್ದಲ.

“ಅಕಿ ಆರಾಮ ಹಾಳವ್ವ. ಖರೆ ಫೋನ್ ಬಂದ್ ಮಾಡಿ ಜ್ವಾಳದ ಡಬ್ಬ್ಯಾಗ ಹುಗದಾಳ. ನಿನ್ನ ಸುದ್ದಿ ತಗದ್ರ ಮಾರಿ ತಿರವತಾಳ. ಏನಾರೆ ಅಂದಿಯೇನು?”

“ರಿಂಗ್ ಯಾಕ ಕೊಡವಲ್ಲಿ ಅಂದೆ, ಅಷ್ಟೇರಿ.”

“ಅಷ್ಟಕ್ಕ ಹಿಂಗ ಮಾಡ್ತಾಳ? ಅಕಿನೂ ಮಧ್ಯಾಹ್ನತನಾ ಏನೂ ಉಣವಲ್ಲಳು. ಗುಳಗಿ ಖಾಲಿ ಹೊಟ್ಟಿಲಿಂದ ನುಂಗಾಕತ್ತಾಳ. ಹೇಳಿದ್ರ ಕೇಳವಲ್ಲಳು.”

ನಾನು ಒಂದು ಹೊತ್ತು ಬಿಟ್ಟರೆ ಏನಾಗುತ್ತದೆ, ಲಕ್ವಾ ಹೊಡೆದವಳು ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಬಹುದೇ? ಬೆಳಿಗ್ಗೆ ಪೂಜೆ ಮುಗಿಸಿ, ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಹೆಂಗಸರಿಗೆ ಪುಕ್ಕಟೆ ಟಿಕೀಟು, ಕಿಟಕಿಯ ಪಕ್ಕದ ಸೀಟು, ಅದೂ ಒಂದು ಕೃಪೆ ಎಂದುಕೊಂಡೆ. ಬಂಗ್ಲಾ ಕ್ರಾಸು ದಾಟಿ ಹೈವೇಗೆ ಬಿದ್ದ ಮೇಲೆ ಫೋನನ್ನು ತೆಗೆದು ನೋಡಿದೆ. ಕಡ್ಡಿಗಳು ಎದ್ದು ಕೂರುತ್ತಿದ್ದವು, ಬೀಳುತ್ತಿದ್ದವು. ರಾಜೇಶ್ವರದ ಹತ್ತಿರ ಒಂದೂ ಇರಲಿಲ್ಲ. ಇದರ ಹಂಗಿಲ್ಲದೆ ಅಕ್ಕನ ದನಿ ಕೇಳುವ ದಿನ ಮತ್ತೆ ಬಂದೀತೇ ಎಂದು ಯೋಚಿಸುತ್ತ ಕೂತೆ. ಅವಳು ಬೈದ ಬೈಗುಳಗಳೆಲ್ಲ ನೆನಪಿದ್ದವು, ಬೈದ ದನಿ ಮಾತ್ರ ಅಲ್ಲಲ್ಲಿ ಹರಿದ ಸೀರೆಯ ಹಾಗಾಗಿತ್ತು. ‘ತಂಗಿ’ ಅನ್ನುವಾಗ ಅವಳು ಎಲ್ಲಿ ಎಳೆಯುತ್ತಿದ್ದಳು, ಮೊದಲಿನ ಅಕ್ಷರವನ್ನೋ ಕೊನೆಯದನ್ನೋ? ಬಸ್ಸಿನಲ್ಲಿ ಕೂತು ಬಾಯೊಳಗೇ ಎರಡೂ ರೀತಿ ಅಂದು ನೋಡಿದೆ. ಎರಡೂ ಅವಳದಾಗಲಿಲ್ಲ. ಕಾರ್ಖಾನೆಗಳ ಕಮಟು ವಾಸನೆ ಮೂಗಿಗೆ ಬಂದಾಗ ಹುಮನಾಬಾದು ಬಂತೆಂದು ಎದ್ದೆ.

ಅಕ್ಕ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ತೊಗರಿ ಆರಿಸುತ್ತಿದ್ದಳು. ಹಣೆಯಲ್ಲಿ ವಿಭೂತಿ ಇತ್ತು, ಪೂಜೆಯಾಗಿತ್ತು. ನನ್ನನ್ನು ನೋಡಿದಳು. ಮೊರದೊಳಗಿನ ಕಲ್ಲನ್ನು ತೆಗೆದು ನನ್ನ ಕಾಲಿನ ಬಳಿ ಎಸೆದಳು.

“ಶರಣಾರ್ಥಿ ಅಕ್ಕ” ಎಂದೆ.

ಅವಳು ತಲೆ ಎತ್ತಲಿಲ್ಲ. ಹುಟ್ಟಿದಾಗಿನಿಂದ ಆ ಮಾತಿಗೆ ಅವಳು ತಿರುಗಿ ಏನೂ ಸೂಚಿಸದೆ ಕೂತದ್ದು ಅದೇ ಮೊದಲು. ಮಾತು ಹೋದ ಮೇಲೂ ಎದೆಯ ಮೇಲೆ ಕೈಯಿಡುತ್ತಿದ್ದಳು.

ಭಾವನವರು ಅಂಗಡಿಯಿಂದ ಬಂದರು. “ತಂಗಿ ಅಷ್ಟು ದೂರಲಿಂದ ಬಂದಾಳ, ಮಾರಿ ಹಿಂಗ್ಯಾಕ ಮಾಡಿ? ಹೊಸ ಸೊಸಿ ಬಂದ್ರ ಹಳೇ ಅತ್ತಿ ಕುಂತಂಗ ಕುಂತಿಯಲ್ಲ” ಎಂದರು. ನಾನು ಅಕ್ಕನ ಮುಂದೆ ಕೂತು, “ನೀ ರಿಂಗ್ ಕೊಡದಿದ್ರ ನಾ ಹ್ಯಾಂಗ ಉಣ್ಲಿ, ಹೇಳು” ಎಂದೆ.

ಅದೇ ಸಾಕಾಯಿತು. ಅಕ್ಕ ಮೊರವನ್ನು ತಳ್ಳಿ, ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋದಳು. ಜೋಳದ ಡಬ್ಬಿಯ ಮುಚ್ಚಳ ಬಿದ್ದ ಸದ್ದಾಯಿತು. ತೋಳಿನವರೆಗೆ ಕೈ ಹಾಕಿ ಫೋನು ತೆಗೆದು ತಂದಳು, ಸೆರಗಿಗೆ ಒರೆಸಿ ಚಾಲೂ ಮಾಡಿದಳು. ಅದು ಏಳುವವರೆಗೂ ನನ್ನನ್ನು ಒಂದೇ ಸಮ ನೋಡುತ್ತ ನಿಂತಳು. ಎದ್ದ ಕೂಡಲೇ ಎಡಗೈ ಹೆಬ್ಬೆಟ್ಟಿನಿಂದ ಒತ್ತಿ, ಫೋನನ್ನು ನನ್ನ ಕಿವಿಗೆ ಹಿಡಿದಳು. ಟುಂಯ್ ಟುಂಯ್ ಎಂದಿತು. ‘ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ’ ಎಂದು ಒಬ್ಬಳು ಹೇಳಿದಳು.

“ಯಾರಿಗಿ ಹಚ್ಚೀ?” ಎಂದೆ.

ಅಕ್ಕ ನನ್ನ ಎದೆಗೆ ಬೆರಳು ಚುಚ್ಚಿದಳು.

ನನ್ನ ಫೋನು ನನ್ನ ಮಡಿಲಲ್ಲೇ ಇತ್ತು. ಯಾವ ಕರೆಯಲ್ಲೂ ನಿರತವಾಗಿರಲಿಲ್ಲ, ಸುಮ್ಮನೆ ಮಲಗಿತ್ತು. ಭಾವನವರು ಅದನ್ನೆತ್ತಿ ಅಂಗೈಮೇಲೆ ಇಟ್ಟುಕೊಂಡು, “ಮತ್ತೊಮ್ಮೆ ಹಚ್ಚು ನೋಡೂಣು” ಎಂದರು. ಅಕ್ಕ ಹಚ್ಚಿದಳು. ನನ್ನ ಫೋನಿನ ಮುಖದ ಮೇಲೆ ಒಂದು ಕೆಂಪು ಪಟ್ಟಿ ಮಿಂಚಿ, ಸದ್ದಿಲ್ಲದೆ ಆರಿಹೋಯಿತು. ಮತ್ತೊಮ್ಮೆ. ಈ ಸಲ ಭಾವನವರು ಕನ್ನಡಕ ಏರಿಸಿಕೊಂಡು, ಪಟ್ಟಿ ಆರುವ ಮೊದಲೇ ಓದಿದರು.

“‘ಮೋಸದ ಕರೆ ಇರಬಹುದು.’”

ಭಾವನವರು ಕನ್ನಡಕ ತೆಗೆದು, “ಲಗ್ನ ಆದಾಗಿಲಿಂದ ಹೇಳಾಕತ್ತೇನಿ, ಇಕಿ ಬಾಳ ಮೋಸಗಾತಿ ಹಾಳ ಅಂತ. ಯಾರೂ ನಂಬಲಿಲ್ಲ. ಕಂಪನಿಯವ್ರಿಗಿ ಈಗ ಪತ್ತೆ ಹತ್ಯಾದ ನೋಡು” ಎಂದರು.

ಅಕ್ಕ ನಕ್ಕಳು.

ಲಕ್ವಾದ ನಂತರ ಅವಳು ಬಾಯ್ತುಂಬ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಮುಖದ ಒಂದು ಬದಿಯೇ ನಕ್ಕಿತು, ನಿಜ. ಆದರೆ ದನಿ ಇಡೀ ಇತ್ತು. ಅದೇ ದೊಡ್ಡ ಗಂಟಲು, ಅದೇ ಒಡಕು, ಕೊನೆಯಲ್ಲಿ ಉಸಿರೆಳೆದು ಮತ್ತೆ ಶುರು ಮಾಡುವುದೂ ಅದೇ. ಹಾಲು ಉಕ್ಕುವವರೆಗೆ ನಾನು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ನಗೆ. ಮಾತಿನೊಂದಿಗೆ ಅದೂ ಹೋಯಿತೆಂದು ನಾನು ತಿಳಿದಿದ್ದೆ. ಅದು ಈ ಮನೆಯಲ್ಲೇ ಇತ್ತು. ನಗಿಸುವವರು ಬಂದಿರಲಿಲ್ಲ, ಅಷ್ಟೆ. ನಾನೂ ನಕ್ಕೆ, ಅವಳ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತೆ. ಅವಳು ಎಡಗೈಯಿಂದ ನನ್ನ ಬೆನ್ನಿಗೊಂದು ಗುದ್ದು ಹಾಕಿದಳು, ಸಣ್ಣದಲ್ಲ. ದಿನಾ ಬೆಳಿಗ್ಗೆ ರಿಂಗು ಕೊಟ್ಟವಳು ಅವಳು. ಕೊಟ್ಟೊಡನೆ ತಂಗಿಯೇ ಕಟ್ ಮಾಡುತ್ತಾಳೆಂದು ತಿಳಿದವಳು. ಮೇಲೆ ಮಧ್ಯಾಹ್ನ ಅದೇ ತಂಗಿಯಿಂದ ಯಾಕೆ ಕೊಡಲಿಲ್ಲವೆಂದು ಬೈಸಿಕೊಂಡವಳು. ಕೊಟ್ಟೆ ಎನ್ನಲು ಅವಳಿಗೆ ಬಾಯಿರಲಿಲ್ಲ. ಆ ಗುದ್ದು ನನಗೆ ಕಡಿಮೆಯೇ ಆಯಿತು.

ಆಮೇಲೆ ಮೂವರೂ ಕೂತು ರೊಟ್ಟಿ ಉಂಡೆವು. ಅಕ್ಕ ಎದೆಯ ಮೇಲೆ ಕೈಯಿಟ್ಟ ಮೇಲೆಯೇ ಉಂಡೆವು.

ಊಟವಾದ ಮೇಲೆ ಭಾವನವರು ಅಕ್ಕನ ಫೋನಿನ ಕಂಪನಿಗೆ ಹಚ್ಚಿ ಫೋನನ್ನು ನನ್ನ ಕೈಗೆ ಕೊಟ್ಟರು. ಈ ಸಲ ಸಿಕ್ಕವಳು ಹುಡುಗಿ, ಬೆಂಗಳೂರಿನ ಕಡೆಯ ಮಾತು.

“ಮೇಡಂ, ಈ ನಂಬರಿಂದ ದಿನಾ ತುಂಬಾ ಕರೆ ಹೋಗುತ್ತೆ. ಯಾರೂ ಎತ್ತಲ್ಲ, ಯಾರೂ ಮಾತಾಡಲ್ಲ, ಕಟ್ ಆಗುತ್ತೆ. ಮೋಸ ಮಾಡೋರು ಹಾಗೇ ಮಾಡೋದು. ಅದಕ್ಕೆ ಸಿಸ್ಟಮ್ ತಾನಾಗೇ ಗುರುತು ಹಾಕಿದೆ. ನಿಮ್ಮ ಫೋನಲ್ಲಿ ಅಂಥ ಕರೆ ಬರದ ಹಾಗೆ ಸೆಟಿಂಗ್ ಇರಬೇಕು, ನೋಡಿ. ನಂಬರಿಗೆ ಹೆಸರು ಹಾಕಿಲ್ವಾ?”

“ಇಲ್ಲವ್ವ. ಬಾಯಿಪಾಠ ಇತ್ತು.”

“ಮಾತಾಡದೆ ಅವರು ಕರೆ ಯಾಕೆ ಮಾಡ್ತಾರೆ ಮೇಡಂ?”

“ನಿನಗ ಅಕ್ಕ ಹಾಳೇನವ್ವ?” ಎಂದೆ.

“ಇದ್ದಾರೆ” ಎಂದಳು. “ಹಾಗಿದ್ರೆ ಒಂದು ಕೆಲಸ ಮಾಡಿ. ಗುರುತು ತೆಗಿಯೋಕೆ ನಾನು ಬರ್ಕೊಳ್ತೀನಿ, ಆದ್ರೆ ಮತ್ತೆ ಬೀಳಬಹುದು. ಇನ್ಮೇಲೆ ಅವರು ಮಾಡಿದಾಗ ಎತ್ತಿ ಮೇಡಂ. ಸ್ವಲ್ಪ ಹೊತ್ತು ಲೈನಲ್ಲಿರಿ. ಮನುಷ್ಯರು ಮಾತಾಡೋ ಕರೆ ಅಂತ ಅದಕ್ಕೆ ಗೊತ್ತಾಗಬೇಕು.” ಆಮೇಲೆ ದನಿ ಬದಲಿಸಿ, “ಬೇರೆ ಏನಾದರೂ ಸಹಾಯ ಬೇಕಿತ್ತಾ?” ಎಂದು ಕೇಳಿದಳು.

ಭಾವನವರು ನನ್ನ ಫೋನಿನ ಬಂದೋಬಸ್ತುಗಳನ್ನು ಒಂದೊಂದಾಗಿ ಬಿಚ್ಚಿದರು. ನಾನು ಅಕ್ಕನ ನಂಬರು ಒತ್ತಿ ಹೆಸರು ಹಾಕಿದೆ. ಅಕ್ಕ ತಾನೂ ಇಣುಕಿ ನೋಡಿ, ‘ಅಕ್ಕ’ ಎಂಬ ಎರಡಕ್ಷರದ ಮೇಲೆ ಬೆರಳಾಡಿಸಿದಳು. ಬೆರಳು ತಾಗಿದ್ದಕ್ಕೆ ಅದು ಅವಳಿಗೇ ಕರೆ ಹಚ್ಚಿತು. ಅವಳ ಕೈಯೊಳಗಿನ ಫೋನು ಕೂಗಿತು. ಮೂವರೂ ಬೆಚ್ಚಿಬಿದ್ದೆವು.

ಅಂದಿನಿಂದ ನಮ್ಮ ಕಟ್ಟು ಬದಲಾಗಿದೆ. ಅಕ್ಕನ ಫೋನು ಬಂದರೆ ನಾನು ಎತ್ತುತ್ತೇನೆ. “ಶರಣಾರ್ಥಿ ಅಕ್ಕ” ಎನ್ನುತ್ತೇನೆ. ಆ ಕಡೆಯಿಂದ “ಹಾಂ” ಬರುತ್ತದೆ. ಮಾತು ಅಲ್ಲಿಗೆ ಮುಗಿಯಬೇಕು. ಆದರೆ ಮನುಷ್ಯರ ಕರೆಯೆಂದು ಕಂಪನಿಗೆ ಗೊತ್ತಾಗಬೇಕಲ್ಲ. ಹಾಗಾಗಿ ನಾನು ಲೈನಿನಲ್ಲಿರುತ್ತೇನೆ. ಮೊದಲ ದಿನ ಇಬ್ಬರೂ ಉಸಿರು ಕೇಳುತ್ತ ಕೂತೆವು. ನಡುವೆ ಅವಳ ಮನೆಯ ಗುಬ್ಬಿ, ದೂರದಲ್ಲಿ ಮಂಡಿಗೆ ಬರುವ ಲಾರಿಗಳ ಹಾರನ್ನು. ನಾಚಿಕೆಯಾಗಿ ನಾನೇ ಶುರು ಮಾಡಿದೆ. ಏನು ಪಲ್ಯ ಮಾಡುತ್ತಿದ್ದೇನೆಂದು ಹೇಳಿದೆ. ಮಂಠಾಳದ ನಾದಿನಿ ಮೆಣಸಿನಕಾಯಿ ಕಳಿಸಿದ್ದಾಳೆಂದು ಹೇಳಿದೆ. ಹೇಳಿ, ನನಗೆ ತಿಳಿಯದೆಯೇ ನಿಲ್ಲಿಸುತ್ತೇನೆ. ಅವಳು ಬೈಯಬೇಕಾದ ಜಾಗ ಅದು. ಇಂಥ ಕಡೆ ಇಂಥ ಮಾತು ಬರುತ್ತಿತ್ತೆಂದು ನನಗೆ ಗೊತ್ತು. ಅಷ್ಟು ಹೊತ್ತು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಒಮ್ಮೊಮ್ಮೆ ಆ ಜಾಗದಲ್ಲಿ ‘ಊಂಹೂಂ’ ಬೀಳುತ್ತದೆ. ನಗು ಬಂದದ್ದು ಇನ್ನೂ ಒಂದೆರಡು ಸಲವಷ್ಟೇ. ದಿನಾ ಬೆಳಿಗ್ಗೆ ಅವಳನ್ನು ನಗಿಸುವಂಥದು ಏನಾದರೂ ನಮ್ಮ ಓಣಿಯಲ್ಲಿ ನಡೆಯಲಿ ಎಂದು ದೇವರಲ್ಲಿ ಕೇಳುತ್ತೇನೆ. ಮಾತು ಕೊಡು ಎಂದು ಕೇಳುವುದನ್ನೂ ಬಿಟ್ಟಿಲ್ಲ. ಆ ಆಸೆ ಸಣ್ಣದಾಗುವುದಿಲ್ಲ.

ಇವತ್ತು ಬೆಳಿಗ್ಗೆ ಕೋತಿಯ ಕಥೆ ಹೇಳುತ್ತಿದ್ದೆ. ನಮ್ಮ ಮಾಳಿಗೆಯ ಮೇಲೆ ಒಣಹಾಕಿದ್ದ ಇವರ ಧೋತರವನ್ನು ಒಂದು ಕೋತಿ ಎತ್ತಿಕೊಂಡು ಪಕ್ಕದ ಮನೆಯ ಗೋಡೆ ಹತ್ತಿ ಕೂತಿತ್ತು, ಇವರು ಟವೆಲು ಸುತ್ತಿಕೊಂಡು ಬೆನ್ನಟ್ಟಿದ್ದರು. ಕೋತಿಗೆ ಇವರು ಕೈಮುಗಿದದ್ದನ್ನು ಅಭಿನಯಿಸುತ್ತ ಹೇಳಿದೆ. ನಗೆ ಬರಲಿಲ್ಲ. ‘ಹಾಂ’ ಕೂಡ ಬರಲಿಲ್ಲ. ಫೋನು ನೋಡಿದರೆ ಕಡ್ಡಿ ಒಂದೂ ಇಲ್ಲ, ಲೈನು ಯಾವಾಗಲೋ ಕಟ್ಟಾಗಿದೆ. ಅಷ್ಟು ಹೊತ್ತು ನಾನು ಉಪ್ಪಿನ ಭರಣಿಗೆ ಕಥೆ ಹೇಳಿದ್ದೆ.

ಶರಣಾರ್ಥಿ ಆಗಿತ್ತು, ಅವಳದೂ ನನ್ನದೂ. ಇನ್ನು ಫೋನಿನ ಅಗತ್ಯವಿರಲಿಲ್ಲ. ಚಹಾಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಕಡ್ಡಿಗಳು ಮೂಡಿ ಫೋನು ಮತ್ತೆ ಹೊಡೆದುಕೊಂಡಿತು. ಅಕ್ಕ. ಎರಡಕ್ಕೆ ನಿಲ್ಲಲಿಲ್ಲ. ಮೂರು, ನಾಲ್ಕು, ಬಿಡದೆ ಹೊಡೆಯುತ್ತಿತ್ತು. ಎತ್ತಿದೆ.

“ಹಾಂ” ಎಂದಳು, ಅವಸರದಲ್ಲಿ. “ಹಾಂ, ಹಾಂ.”

“ಎಲ್ಲಿತನಾ ಕೇಳ್ದಿ ಅಕ್ಕ? ಕೋತಿ ಗ್ವಾಡಿ ಏರಿದ್ದು ಕೇಳ್ದ್ಯಾ?”

“ಊಂಹೂಂ.”

“ಧೋತರ ಒಯ್ದದ್ದು?”

“ಹಾಂ!”

ಚಹಾ ಪಕ್ಕಕ್ಕಿಟ್ಟು, ಕೋತಿಯನ್ನು ಗೋಡೆಯಿಂದ ಇಳಿಸಿ, ಧೋತರದಿಂದ ಮತ್ತೆ ಶುರು ಮಾಡಿದೆ.